ಫೈಲ್ ಇಲ್ಲದೆ ಚಿತ್ರ: ಪಿಲ್ಲೋ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಪೈಥಾನ್‌ನ ಪಿಲ್ಲೋ ಲೈಬ್ರರಿಯದ್ದು. ಅದರಲ್ಲೂ ಮೆಮೊರಿಯಲ್ಲೇ ಚಿತ್ರ ಮಾಡಿ, ಅಲ್ಲೇ ತಿದ್ದುವ ವಿಷಯ. ಅವನ್ನೆಲ್ಲ ಒಟ್ಟಿಗೆ ಹಾಕಿದ್ದೇವೆ.

ಪ್ರಶ್ನೆ: ನನ್ನ ವೆಬ್ ಪ್ರೋಗ್ರಾಂ ಕೇಳಿದವರಿಗೆಲ್ಲ ಒಂದು ಸಣ್ಣ ಗ್ರಾಫ್ ಮಾಡಿ ಕಳಿಸಬೇಕು. ಪ್ರತಿ ಸಲ ಫೈಲ್ ಉಳಿಸಿ, ಓದಿ, ಕಳಿಸಿ, ಆಮೇಲೆ ಅಳಿಸುತ್ತಿದ್ದೇನೆ. ಫೈಲ್ ಇಲ್ಲದೆ ಆಗುತ್ತದಾ? ಬೈಟ್ಸ್‌ಐಓ ಬಳಸಿ ನೋಡಿದೆ, ಆ ಕಡೆ ಏನೂ ಹೋಗುತ್ತಿಲ್ಲ.

ಉತ್ತರ: ಆಗುತ್ತದೆ, ಹಾಗೆ ಮಾಡುವುದೇ ಸರಿ ಕೂಡ. ಈಗಿನ ನಿಮ್ಮ ಪದ್ಧತಿಯಲ್ಲಿ ಇಬ್ಬರು ಒಂದೇ ಹೊತ್ತಿಗೆ ಕೇಳಿದರೆ, ಫೈಲ್ ಹೆಸರು ಒಂದೇ ಆಗಿದ್ದರೆ, ಒಬ್ಬರ ಗ್ರಾಫ್ ಇನ್ನೊಬ್ಬರಿಗೆ ಹೋಗಬಹುದು.

ಇಮೇಜ್.ನ್ಯೂ ಕರೆದು ಮೂರು ವಿಷಯ ಕೊಡಿ: ಮೋಡ್ (ಅಂದರೆ ಬಣ್ಣ ಇಡುವ ಬಗೆ, ಮಾಮೂಲಿಗೆ ಆರ್‌ಜಿಬಿ), ಅಗಲ-ಎತ್ತರ, ಹಿನ್ನೆಲೆ ಬಣ್ಣ. ಬಣ್ಣ ಹೇಳದಿದ್ದರೆ ಕಪ್ಪು. ಆ ಚಿತ್ರವನ್ನು ಇಮೇಜ್‌ಡ್ರಾ.ಡ್ರಾಗೆ ಕೊಟ್ಟರೆ ಗೆರೆ, ಚೌಕ, ಅಕ್ಷರ ಎಲ್ಲ ಎಳೆಯಬಹುದು. ಗ್ರಾಫ್ ತಲೆಕೆಳಗಾಗಿ ಬಂದರೆ ಗಾಬರಿ ಬೇಡ. ಇಲ್ಲಿ ಸೊನ್ನೆ ಇರುವುದು ಎಡಗಡೆ ಮೇಲಿನ ಮೂಲೆಯಲ್ಲಿ, ವೈ ಕೆಳಕ್ಕೆ ಹೋದಂತೆ ಹೆಚ್ಚುತ್ತದೆ. ಎತ್ತರದಿಂದ ನಿಮ್ಮ ಬೆಲೆ ಕಳೆದು, ಇನ್ನೂ 1 ಕಳೆದರೆ ನೆಟ್ಟಗಾಗುತ್ತದೆ.

ಈಗ ಕಳಿಸುವ ಮಾತು. ಬೈಟ್ಸ್‌ಐಓ ಎಂದರೆ ಮೆಮೊರಿಯಲ್ಲೇ ಇರುವ, ಫೈಲ್‌ನಂತೆ ನಡೆದುಕೊಳ್ಳುವ ಒಂದು ಜಾಗ. ಸೇವ್ ಮಾಡುವಾಗ ಅದನ್ನೇ ಕೊಡಿ, ಆದರೆ ಫಾರ್ಮ್ಯಾಟ್ ಪಿಎನ್‌ಜಿ ಅಂತ ಬಾಯಿಬಿಟ್ಟು ಹೇಳಿ. ಫೈಲ್ ಹೆಸರಿದ್ದರೆ ಅದರ ಬಾಲ ನೋಡಿ ಪಿಲ್ಲೋ ತಾನೇ ತಿಳಿದುಕೊಳ್ಳುತ್ತದೆ, ಇಲ್ಲಿ ಹೆಸರೇ ಇಲ್ಲ ಅಲ್ವಾ. ಇನ್ನು ಏನೂ ಹೋಗದಿರುವುದಕ್ಕೆ ಕಾರಣ ಹೆಚ್ಚಾಗಿ ಇದು: ಬರೆದು ಮುಗಿದ ಮೇಲೆ ಓದುವ-ಬರೆಯುವ ಗುರುತು ಕೊನೆಯಲ್ಲಿ ನಿಂತಿರುತ್ತದೆ, ಅಲ್ಲಿಂದ ರೀಡ್ ಮಾಡಿದರೆ ಸೊನ್ನೆ ಬೈಟ್ ಸಿಗುತ್ತದೆ. ಸೀಕ್ 0 ಮಾಡಿ, ಆಮೇಲೆ ಓದಿ. ಇಲ್ಲವೇ ಗೆಟ್‌ವ್ಯಾಲ್ಯೂ ಕರೆಯಿರಿ, ಅದಕ್ಕೆ ಗುರುತು ಎಲ್ಲಿದ್ದರೂ ಲೆಕ್ಕಕ್ಕಿಲ್ಲ, ಪೂರ್ತಿ ಕೊಡುತ್ತದೆ.

ಪ್ರಶ್ನೆ: ಒಂದೊಂದು ಜೆಪೆಗ್ ಫೋಟೋ ಸುಮಾರು 3 ಎಂಬಿ. ಇಂಥ 50 ಫೋಟೋ ತೆರೆದು ಚಿಕ್ಕದು ಮಾಡುವಷ್ಟರಲ್ಲಿ ಮೆಮೊರಿ ತುಂಬಿ ಪ್ರೋಗ್ರಾಂ ಸಾಯುತ್ತದೆ. 150 ಎಂಬಿಗೆ ಇಷ್ಟು ಕಷ್ಟವೇ?

ಉತ್ತರ: 150 ಎಂಬಿ ಎನ್ನುವುದು ಡಿಸ್ಕ್‌ನ ಲೆಕ್ಕ. ಮೆಮೊರಿಯ ಲೆಕ್ಕವೇ ಬೇರೆ, ಅಲ್ಲಿ ಫೈಲ್ ಎಷ್ಟು ದೊಡ್ಡದು ಎಂಬುದಕ್ಕೆ ಬೆಲೆಯೇ ಇಲ್ಲ, ಪಿಕ್ಸೆಲ್ ಎಷ್ಟಿವೆ ಎಂಬುದೊಂದೇ ಮುಖ್ಯ. ನಿಮ್ಮ ಫೋಟೋ 4000 ಅಗಲ, 3000 ಎತ್ತರ ಅಂದುಕೊಳ್ಳಿ. 1 ಕೋಟಿ 20 ಲಕ್ಷ ಪಿಕ್ಸೆಲ್ ಆಯಿತು. ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಹಿಡಿದರೆ 36 ಎಂಬಿ. ಆದರೆ ಪಿಲ್ಲೋ ಒಳಗೆ ಆರ್‌ಜಿಬಿ ಚಿತ್ರಕ್ಕೂ ಪಿಕ್ಸೆಲ್‌ಗೆ 4 ಬೈಟ್ ಇಡುತ್ತದೆ, ಒಂದು ಸುಮ್ನೆ ಖಾಲಿ. ಅಂದರೆ 48 ಎಂಬಿ. 50 ಫೋಟೋಗೆ 2400 ಎಂಬಿ! ಸಾಲದ್ದಕ್ಕೆ ತಿರುಗಿಸಿದರೆ, ಮೋಡ್ ಬದಲಿಸಿದರೆ ಅಷ್ಟೇ ದೊಡ್ಡ ಇನ್ನೊಂದು ಚಿತ್ರ ಹುಟ್ಟುತ್ತದೆ.

ಒಂದು ಸಮಾಧಾನ ಇದೆ. ಇಮೇಜ್.ಓಪನ್ ಮಾಡಿದ ಕೂಡಲೇ ಇದೆಲ್ಲ ಆಗುವುದಿಲ್ಲ. ಅದು ಫೈಲ್‌ನ ತಲೆಭಾಗ ಮಾತ್ರ ಓದಿ ಅಳತೆ, ಮೋಡ್ ತಿಳಿದುಕೊಂಡು ಸುಮ್ಮನಾಗುತ್ತದೆ. ಪಿಕ್ಸೆಲ್ ಬೇಕು ಎನ್ನುವ ಕೆಲಸ ನೀವು ಹೇಳಿದಾಗಲೇ ಒತ್ತಿ ಚಿಕ್ಕದು ಮಾಡಿಟ್ಟ ಪಿಕ್ಸೆಲ್ ಬಿಚ್ಚುತ್ತದೆ. ಆದ್ದರಿಂದ ಒಂದು ತೆರೆಯಿರಿ, ಚಿಕ್ಕದು ಮಾಡಿ, ಉಳಿಸಿ, ಬಿಡಿ, ನಂತರ ಇನ್ನೊಂದು. ದೊಡ್ಡ ಚಿತ್ರಗಳನ್ನು ಲಿಸ್ಟ್‌ನಲ್ಲಿ ಕೂಡಿಡಬೇಡಿ. ಲಿಸ್ಟ್ ಹಿಡಿದುಕೊಂಡಿರುವ ತನಕ ಪೈಥಾನ್ ಆ ಮೆಮೊರಿ ಬಿಡುವುದಿಲ್ಲ.

ಚಿಕ್ಕದು ಮಾಡಲು ರಿಸೈಜ್ ಬದಲು ಥಂಬ್‌ನೇಲ್ ಬಳಸಿ. ಜೆಪೆಗ್ ಆದರೆ ಅದು ಬಿಚ್ಚುವಾಗಲೇ ಅರ್ಧ, ಕಾಲು ಅಥವಾ ಎಂಟನೇ ಒಂದು ಅಳತೆಗೆ ಬಿಚ್ಚಬಲ್ಲದು, 48 ಎಂಬಿ ಪೂರ್ತಿ ಹುಟ್ಟುವುದೇ ಇಲ್ಲ. ಒಂದೇ ಷರತ್ತು, ಅದಕ್ಕೆ ಮುಂಚೆ ಪಿಕ್ಸೆಲ್ ಮುಟ್ಟಿರಬಾರದು.

ಅಂದಹಾಗೆ, ಸುಮಾರು 8.9 ಕೋಟಿ ಪಿಕ್ಸೆಲ್ ದಾಟಿದ ಚಿತ್ರ ತೆರೆದರೆ ಪಿಲ್ಲೋ ಎಚ್ಚರಿಕೆ ಕೊಡುತ್ತದೆ, ಅದರ ಎರಡರಷ್ಟು ದಾಟಿದರೆ ತೆರೆಯುವುದೇ ಇಲ್ಲ. ಕೆಲವರು ಕಿರಿಕಿರಿ ಅಂತ ಈ ಮಿತಿಯನ್ನೇ ತೆಗೆದುಹಾಕುತ್ತಾರೆ. ಗುರುತಿಲ್ಲದವರು ಫೋಟೋ ಕಳಿಸುವ ಪ್ರೋಗ್ರಾಂನಲ್ಲಿ ಆ ಸಾಹಸ ಬೇಡ. ಕೆಲವೇ ಕೆಬಿಯ ಫೈಲ್ ಒಂದು ನಿಮ್ಮ ಸರ್ವರ್ ಮಲಗಿಸಬಹುದು.

ಪ್ರಶ್ನೆ: ಬಿ = ಎ ಎಂದು ಬರೆದು ಬಿ ಮೇಲೆ ಗೆರೆ ಎಳೆದೆ. ಎ ಮೇಲೂ ಗೆರೆ ಬಂತು!

ಉತ್ತರ: ಬರಲೇಬೇಕು. ಚಿತ್ರ ಒಂದೇ, ಹೆಸರು ಎರಡು. ಎ.ಕಾಪಿ ಎಂದು ಕರೆಯಿರಿ. ಜೊತೆಗೆ ಇದನ್ನೂ ನೋಡಿಕೊಳ್ಳಿ: ಪೇಸ್ಟ್, ಪುಟ್‌ಪಿಕ್ಸೆಲ್, ಥಂಬ್‌ನೇಲ್ ಇವು ಇರುವ ಚಿತ್ರವನ್ನೇ ಬದಲಿಸುತ್ತವೆ. ರಿಸೈಜ್, ಕ್ರಾಪ್, ರೊಟೇಟ್, ಕನ್ವರ್ಟ್ ಹೊಸದನ್ನು ಕೊಡುತ್ತವೆ, ಅದನ್ನು ನೀವು ಹಿಡಿದುಕೊಳ್ಳದಿದ್ದರೆ ಮಾಡಿದ ಕೆಲಸ ಗಾಳಿಗೆ ಹೋಯಿತು. ಥಂಬ್‌ನೇಲ್ ಕೊಟ್ಟಿದ್ದನ್ನು ಹಿಡಿಯಲು ಹೋದರೆ ಕೈಗೆ ಸಿಗುವುದು ನನ್ (None), ಅಂದರೆ ಏನೂ ಇಲ್ಲ.

ಪ್ರಶ್ನೆ: ಫೋಟೋ ಬೆಳಕು ಹೆಚ್ಚಿಸಲು ಗೆಟ್‌ಪಿಕ್ಸೆಲ್, ಪುಟ್‌ಪಿಕ್ಸೆಲ್ ಹಾಕಿ ಲೂಪ್ ಬರೆದಿದ್ದೇನೆ. ತುಂಬಾ ನಿಧಾನ.

ಉತ್ತರ: ಮೇಲೆ ಹೇಳಿದ ಅಳತೆಯ ಫೋಟೋ ಆದರೆ ನೀವು 2 ಕೋಟಿ 40 ಲಕ್ಷ ಸಲ ಫಂಕ್ಷನ್ ಕರೆಯುತ್ತಿದ್ದೀರಿ, ನಿಧಾನವಾಗದೆ ಇನ್ನೇನು. ಪಾಯಿಂಟ್ ಬಳಸಿ. ನೀವು ಕೊಟ್ಟ ಫಂಕ್ಷನ್ ಅನ್ನು ಅದು 0ಯಿಂದ 255ರ ವರೆಗೆ 256 ಸಲ ಮಾತ್ರ ಕರೆದು ಒಂದು ಪಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಎಲ್ಲ ಪಿಕ್ಸೆಲ್‌ಗೂ ಆ ಪಟ್ಟಿ ನೋಡಿ ಬೆಲೆ ಹಾಕುತ್ತದೆ, ಆ ಕೆಲಸ ನಡೆಯುವುದು ಸಿ ಭಾಷೆಯಲ್ಲಿ.

ಅಕ್ಕಪಕ್ಕದ ಪಿಕ್ಸೆಲ್ ನೋಡಿ ಲೆಕ್ಕ ಹಾಕಬೇಕಿದ್ದರೆ ನಂಪೈಗೆ (ಪೈಥಾನ್‌ನ ಲೆಕ್ಕದ ಲೈಬ್ರರಿ) ಹೋಗಿ. ಅಲ್ಲಿ ಎರಡು ಕಡೆ ಎಡವುವವರು ಬಹಳ. ಪಿಲ್ಲೋ ಅಗಲ ಮೊದಲು ಹೇಳುತ್ತದೆ, ನಂಪೈ ಎತ್ತರ ಮೊದಲು ಹೇಳುತ್ತದೆ. ಇನ್ನೊಂದು, 8 ಬಿಟ್ ಬೆಲೆ 255 ದಾಟಿದರೆ ಅಲ್ಲೇ ನಿಲ್ಲುವುದಿಲ್ಲ, ಸುತ್ತಿ ಬರುತ್ತದೆ. 250ಕ್ಕೆ 10 ಸೇರಿಸಿದರೆ 4! ಬೆಳ್ಳಗಾಗಬೇಕಿದ್ದ ಆಕಾಶದಲ್ಲಿ ಕಪ್ಪು ಮಚ್ಚೆ ಕಂಡರೆ ಇದೇ ಕಾರಣ. ಮೊದಲು 16 ಬಿಟ್‌ಗೆ ಬದಲಿಸಿ, ಕೂಡಿಸಿ, 0-255ರೊಳಗೆ ಕತ್ತರಿಸಿ, ಮತ್ತೆ 8ಕ್ಕೆ ತನ್ನಿ.

ಪ್ರಶ್ನೆ: ಹಿನ್ನೆಲೆ ಇಲ್ಲದ ಪಿಎನ್‌ಜಿ ಲೋಗೋವನ್ನು ಫೋಟೋ ಮೇಲೆ ಅಂಟಿಸಿದರೆ ಸುತ್ತ ಕಪ್ಪು ಚೌಕ ಬರುತ್ತದೆ.

ಉತ್ತರ: ಪೂರ್ತಿ ಪಾರದರ್ಶಕ ಪಿಕ್ಸೆಲ್‌ಗೂ ಒಳಗೆ ಒಂದು ಬಣ್ಣ ಇದ್ದೇ ಇರುತ್ತದೆ, ಎಷ್ಟೋ ಸಲ ಅದು ಕಪ್ಪು. ಬರೀ ಪೇಸ್ಟ್ ಎಂದರೆ ಪಿಲ್ಲೋ ಆಲ್ಫಾ (ಪಿಕ್ಸೆಲ್ ಎಷ್ಟು ಪಾರದರ್ಶಕ ಎಂಬ ಬೆಲೆ) ನೋಡುವುದೇ ಇಲ್ಲ, ಬಣ್ಣ ತಂದು ಸುರಿಯುತ್ತದೆ. ಲೋಗೋವನ್ನೇ ಮೂರನೆಯದಾಗಿ, ಮಾಸ್ಕ್ (ಎಲ್ಲಿ ಎಷ್ಟು ಅಂಟಿಸಬೇಕು ಎಂದು ಹೇಳುವುದು) ಎಂದು ಇನ್ನೊಮ್ಮೆ ಕೊಡಿ. ಕೆಳಗಿನ ಚಿತ್ರವೂ ಆರ್‌ಜಿಬಿಎ (ಆಲ್ಫಾ ಸೇರಿದ ಆರ್‌ಜಿಬಿ) ಆಗಿದ್ದರೆ ಮಾತ್ರ ಪೇಸ್ಟ್ ಬೇಡ, ಆಲ್ಫಾ ಕಾಂಪೋಸಿಟ್ ಬಳಸಿ. ಯಾಕೆಂದರೆ ಪೇಸ್ಟ್ ಆಲ್ಫಾ ಬೆಲೆಯನ್ನೂ ಬೆರೆಸಿಬಿಡುತ್ತದೆ, ಲೋಗೋದ ಅರೆಪಾರದರ್ಶಕ ಅಂಚಿನಲ್ಲಿ ಗಟ್ಟಿ ಹಿನ್ನೆಲೆಯೂ ತೆಳ್ಳಗಾಗುತ್ತದೆ. ಕೊನೆಗೆ ಜೆಪೆಗ್ ಆಗಿ ಉಳಿಸುವುದಾದರೆ ಆರ್‌ಜಿಬಿಗೆ ಬದಲಿಸಿ, ಜೆಪೆಗ್‌ಗೆ ಆಲ್ಫಾ ಗೊತ್ತಿಲ್ಲ.

ಪ್ರಶ್ನೆ: ಚಿತ್ರದ ಮೇಲೆ ಕನ್ನಡ ಬರೆದರೆ ಒತ್ತಕ್ಷರ ಕೆಳಗೆ ಕೂರದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಫಾಂಟ್ ಬದಲಿಸಿದರೂ ಅದೇ.

ಉತ್ತರ: ಫಾಂಟ್ ಪಾಪ, ಅದರ ತಪ್ಪಿಲ್ಲ. (ಅಕ್ಷರದ ಬದಲು ಚೌಕಗಳು ಬಂದಿದ್ದರೆ ಫಾಂಟ್ ಬೈಯಬಹುದಿತ್ತು.) ಯೂನಿಕೋಡ್‌ನಲ್ಲಿ ‘ಕ್ಕ’ ಎಂಬುದು ಮೂರು ಸಂಕೇತ: ಕ, ಅರ್ಧಾಕ್ಷರ ಮಾಡುವ ‘್’ ಗುರುತು, ಮತ್ತೊಂದು ಕ. ಇವನ್ನು ಸೇರಿಸಿ ಒಂದು ಆಕಾರ ಮಾಡುವ ಕೆಲಸ ಹಾರ್ಫ್‌ಬಜ್‌ನದ್ದು. ಪಿಲ್ಲೋ ಅದನ್ನು ರಾಕಮ್ ಎಂಬ ಲೈಬ್ರರಿ ಮೂಲಕ ಕರೆಯುತ್ತದೆ. ರಾಕಮ್ ಸಿಗದಿದ್ದರೆ ಬೇಸಿಕ್ ಲೇಔಟ್‌ಗೆ ಇಳಿದು, ಸಂಕೇತಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಕೈತೊಳೆದುಕೊಳ್ಳುತ್ತದೆ. ಎರರ್ ಕೂಡ ಕೊಡುವುದಿಲ್ಲ.

ಫೀಚರ್ಸ್.ಚೆಕ್‌ಗೆ ರಾಕಮ್ ಹೆಸರು ಕೊಟ್ಟು ನೋಡಿ. ಫಾಲ್ಸ್ ಬಂದರೆ ಕಾರಣ ಸಾಮಾನ್ಯವಾಗಿ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿ ಕಂಪ್ಯೂಟರ್‌ನಲ್ಲಿ ಇಲ್ಲದಿರುವುದು. ಅದನ್ನು ಹಾಕಿಕೊಂಡು, ಪ್ರೋಗ್ರಾಂ ಮತ್ತೆ ಶುರು ಮಾಡಿ ಇನ್ನೊಮ್ಮೆ ಚೆಕ್ ಮಾಡಿ. ಟ್ರೂ ಬಂದರೆ ಬೇರೇನೂ ಹೇಳಬೇಕಿಲ್ಲ, ಪಿಲ್ಲೋ ತಾನಾಗಿಯೇ ರಾಕಮ್ ಹಿಡಿಯುತ್ತದೆ. ಆಕಾರ ಸರಿಹೋದ ಮೇಲೆ ಸಾಲಿನ ಅಗಲ ಬದಲಾಗುತ್ತದೆ, ಮೊದಲು ಅಳೆದಿದ್ದು ಉಪಯೋಗಕ್ಕೆ ಬರದು. ಟೆಕ್ಸ್ಟ್‌ಬಿಬಾಕ್ಸ್‌ನಿಂದ ಹೊಸದಾಗಿ ಅಳೆಯಿರಿ. ಹಳೆಯ ಉದಾಹರಣೆಗಳಲ್ಲಿ ಕಾಣುವ ಟೆಕ್ಸ್ಟ್‌ಸೈಜ್ ಹುಡುಕಬೇಡಿ, 2023ರಲ್ಲಿ ಬಂದ 10ನೇ ಆವೃತ್ತಿಯಲ್ಲೇ ಅದನ್ನು ತೆಗೆದಿದ್ದಾರೆ.