ಟಿಬಿ ಡ್ಯಾಂನಿಂದ ರಾಯಚೂರು ಕೋಟೆಯವರೆಗೆ ಒಂದೇ ಮೈನ್‌ಕ್ರಾಫ್ಟ್ ವರ್ಲ್ಡ್‌ನಲ್ಲಿ ಹಿಡಿಸಬಹುದೇ?

ಪ್ರಶ್ನೆ: ನಾವು ಬಳ್ಳಾರಿಯ ನಾಲ್ವರು ಗೆಳೆಯರು. ಟಿಬಿ ಡ್ಯಾಂ (ತುಂಗಭದ್ರಾ ಅಣೆಕಟ್ಟು), ಆನೆಗೊಂದಿ, ಬಳ್ಳಾರಿ ಕೋಟೆ, ರಾಯಚೂರು ಕೋಟೆ, ಇಷ್ಟನ್ನೂ ಒಂದೇ ವರ್ಲ್ಡ್‌ನಲ್ಲಿ, ಒಂದು ಬ್ಲಾಕ್‌ಗೆ ಒಂದು ಮೀಟರ್ ಲೆಕ್ಕದಲ್ಲಿ ಕಟ್ಟಬೇಕು ಅಂತಿದ್ದೇವೆ. ಟೆರೇರಿಯಾ ಅನ್ನುವ ಇನ್ನೊಂದು ಆಟದಲ್ಲಿ ಅಂಚು ಸಿಗುತ್ತದೆ, ಮೈನ್‌ಕ್ರಾಫ್ಟ್ ಮಾತ್ರ ಅನಂತ ಅಂತಾರೆ. ನಿಜವಾ? ಎಲ್ಲಿ ಕೈಕೊಡುತ್ತದೆ?

ಉತ್ತರ:

ಅನಂತ ಅಲ್ಲ. ಆದರೆ ನಿಮಗೆ ಅಡ್ಡ ಬರುವುದು ಅಗಲ ಅಲ್ಲ. ಮೊದಲು ಎತ್ತರ ಸಾಲದೆ ಬರುತ್ತದೆ, ಆಮೇಲೆ ಡಿಸ್ಕ್. ಅಗಲದ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರಿಗೂ ಗೊಂದಲ ಇರುವುದು ಅಲ್ಲೇ.

ಟೆರೇರಿಯಾದಲ್ಲಿ ವರ್ಲ್ಡ್ ಹುಟ್ಟುವಾಗಲೇ ಪೂರ್ತಿ ತಯಾರಾಗುತ್ತದೆ. ದೊಡ್ಡ ವರ್ಲ್ಡ್ ಅಂದರೆ ಅಡ್ಡಕ್ಕೆ 8400, ಉದ್ದಕ್ಕೆ 2400 ಟೈಲ್, ಅಂದರೆ 2 ಕೋಟಿಗೂ ಹೆಚ್ಚು. ಅಷ್ಟೂ ಒಟ್ಟಿಗೆ ಮೆಮೊರಿಯಲ್ಲಿ ಕೂರುತ್ತದೆ, ಹಾಗಾಗಿ ಅಂಚು ಅನಿವಾರ್ಯ. ಮೈನ್‌ಕ್ರಾಫ್ಟ್ ಹಾಗಲ್ಲ. ನೆಲವನ್ನು 16ಕ್ಕೆ 16ರ ಚಂಕ್‌ಗಳಾಗಿ ಒಡೆದು, ನೀವು ಹೋದ ಕಡೆ ಮಾತ್ರ ಹುಟ್ಟಿಸುತ್ತದೆ, ದೂರ ಸರಿದಾಗ ಡಿಸ್ಕ್‌ಗೆ ಬರೆದು ಮೆಮೊರಿಯಿಂದ ಇಳಿಸುತ್ತದೆ. ವ್ಯೂ ಡಿಸ್ಟೆನ್ಸ್ (ಎಷ್ಟು ಚಂಕ್ ದೂರದವರೆಗೆ ಕಾಣಬೇಕು ಅನ್ನುವುದು) 10 ಇಟ್ಟರೆ ನಿಮ್ಮ ಸುತ್ತ 21ಕ್ಕೆ 21, ಒಟ್ಟು 441 ಚಂಕ್. ವರ್ಲ್ಡ್ ಎಷ್ಟೇ ದೊಡ್ಡದಿರಲಿ, ಒಬ್ಬ ಆಟಗಾರನ ಸುತ್ತ ಮೆಮೊರಿಯ ಹೊರೆ ಅಷ್ಟೇ.

ಹಾಗಾದರೆ ಮಿತಿ ಎಲ್ಲಿಂದ ಬಂತು? ಜಾಗದ ಸಂಖ್ಯೆಯನ್ನು ಎಷ್ಟು ಬಿಟ್‌ನಲ್ಲಿ ಬರೆಯುತ್ತಾರೆ ಅನ್ನುವುದರಿಂದ. ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯಲ್ಲಿ ಒಂದು ಬ್ಲಾಕ್‌ನ ಜಾಗವನ್ನು 64 ಬಿಟ್‌ನ ಒಂದೇ ಸಂಖ್ಯೆಯಲ್ಲಿ ಮಡಚಿಡುತ್ತಾರೆ: ಪೂರ್ವ-ಪಶ್ಚಿಮಕ್ಕೆ 26 ಬಿಟ್, ಉತ್ತರ-ದಕ್ಷಿಣಕ್ಕೆ 26, ಎತ್ತರಕ್ಕೆ 12. 26 ಬಿಟ್‌ನಲ್ಲಿ ನಡುವಿನಿಂದ ಎರಡೂ ಕಡೆ 3,35,54,432ರವರೆಗೆ ಎಣಿಸಬಹುದು. ಆಟದ ಗಡಿ ಅದಕ್ಕಿಂತ ಒಳಗೇ, 2,99,99,984ನೇ ಬ್ಲಾಕ್‌ನಲ್ಲಿದೆ. ಸುಮ್ಮನೆ ನಡೆದು ಹೋದರೆ ಸೆಕೆಂಡಿಗೆ 4.317 ಬ್ಲಾಕ್, ಆ ಗಡಿ ಮುಟ್ಟಲು ಹಗಲು ರಾತ್ರಿ ನಡೆದರೂ 80 ದಿನ ಬೇಕು.

ಹಳೆಯ ಬೀಟಾ ಆವೃತ್ತಿಗಳಲ್ಲಿ 1,25,50,821ನೇ ಬ್ಲಾಕ್‌ನಲ್ಲಿ ನೆಲ ಗೋಡೆಯಂತೆ ಎದ್ದು ತೂತುತೂತಾಗುತ್ತಿದ್ದುದನ್ನು ಕೇಳಿರುತ್ತೀರಿ, ಫಾರ್ ಲ್ಯಾಂಡ್ಸ್ ಅಂತ. ಬೆಟ್ಟ-ತಗ್ಗು ಲೆಕ್ಕ ಹಾಕುವ ನಾಯ್ಸ್ ಫಂಕ್ಷನ್ ನಿಮ್ಮ ಜಾಗದ ಅಂಕೆಯನ್ನು ಸುಮಾರು 171ರಿಂದ ಗುಣಿಸಿ 32 ಬಿಟ್‌ನ ಪೂರ್ಣಾಂಕಕ್ಕೆ ತುಂಬುತ್ತಿತ್ತು. ಅದರಲ್ಲಿ ಹಿಡಿಸುವುದು 214,74,83,647ರವರೆಗೆ ಮಾತ್ರ. 171ರಿಂದ ಭಾಗಿಸಿ ನೋಡಿ, ಒಂದೂಕಾಲು ಕೋಟಿಯ ಹತ್ತಿರ ಬರುತ್ತದೆ. 2011ರಲ್ಲಿ ಬೀಟಾ 1.8 ಬಂದಾಗ ಇದು ಹೋಯಿತು. ಈಗ ಇದರ ಚಿಂತೆ ಬೇಡ.

ಚಿಂತೆ ಮಾಡಬೇಕಾದ್ದು ನೀವು ಫೋನಿನಲ್ಲಿ ಆಡುವವರಾದರೆ. ಬೆಡ್‌ರಾಕ್ ಆವೃತ್ತಿ ಆಟಗಾರ ನಿಂತ ಜಾಗವನ್ನು 32 ಬಿಟ್‌ನ ಫ್ಲೋಟ್‌ನಲ್ಲಿ, ಅಂದರೆ ಚುಕ್ಕಿ ಇರುವ ಸಂಖ್ಯೆಯಾಗಿ, ಇಡುತ್ತದೆ. ಫ್ಲೋಟ್‌ಗೆ ಸಿಗುವುದು 24 ಬಿಟ್ ನಿಖರತೆ. ಏಳೇ ಅಂಕೆ ತೋರಿಸುವ ಕ್ಯಾಲ್ಕುಲೇಟರ್ ನೆನೆಸಿಕೊಳ್ಳಿ: ಸಂಖ್ಯೆ ದೊಡ್ಡದಾದಷ್ಟೂ ಚುಕ್ಕಿಯ ಆಚೆಗೆ ಜಾಗ ಕಡಿಮೆ. 32,768ರಿಂದ 65,536ರವರೆಗೆ ಅತಿ ಚಿಕ್ಕ ಹೆಜ್ಜೆ ಒಂದು ಬ್ಲಾಕಿನ 256ನೇ ಒಂದು ಭಾಗ, ಸುಮಾರು 4 ಮಿಲಿಮೀಟರ್. ಅಲ್ಲಿಂದ 1,31,072ರವರೆಗೆ 128ನೇ ಒಂದು ಭಾಗ. 10,48,576 ದಾಟಿದರೆ ಎಂಟನೇ ಒಂದು ಭಾಗ, ನಡೆಯುವುದೇ ಕುಲುಕಾಟ. 83,88,608 ದಾಟಿದರೆ ಅರ್ಧ ಬ್ಲಾಕ್ ಅನ್ನುವುದೇ ಇಲ್ಲ. ಜಾವಾದಲ್ಲಿ 64 ಬಿಟ್‌ನ ಡಬಲ್ ಬಳಸುವುದರಿಂದ 3 ಕೋಟಿಯ ಅಂಚಿನಲ್ಲೂ ಹೆಜ್ಜೆ ನುಣುಪಾಗಿಯೇ ಇರುತ್ತದೆ.

ಈಗ ನಿಮ್ಮ ನಕ್ಷೆ. ಕೊಪ್ಪಳದಿಂದ ರಾಯಚೂರಿಗೆ ಪೂರ್ವ-ಪಶ್ಚಿಮವಾಗಿ ಸುಮಾರು 130 ಕಿಮೀ, ಬಳ್ಳಾರಿಯಿಂದ ರಾಯಚೂರಿಗೆ ಉತ್ತರ-ದಕ್ಷಿಣವಾಗಿ ಸುಮಾರು 120. ಅಂದರೆ 1,30,000ಕ್ಕೆ 1,20,000 ಬ್ಲಾಕ್‌ನ ಚೌಕಟ್ಟು. ಸೊನ್ನೆಯನ್ನು ಚೌಕಟ್ಟಿನ ನಟ್ಟನಡುವೆ ಇಟ್ಟರೆ ಯಾವ ಮೂಲೆಗೂ ಅಂಕೆ 65,000 ಮೀರುವುದಿಲ್ಲ. 65,536ರ ಒಳಗೇ ಕೂತಿತು. ಬೆಡ್‌ರಾಕ್‌ನಲ್ಲೂ ತೊಂದರೆ ಇಲ್ಲ.

ಆದರೆ ಹೆಚ್ಚಿನವರು ಎಡವುವುದೂ ಇಲ್ಲೇ. ಭೂಪಟದ ಅಂಕೆಗಳನ್ನು ಮೀಟರ್‌ಗೆ ತರಲು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಯುಟಿಎಂ (ಭೂಮಿಯನ್ನು ವಲಯಗಳಾಗಿ ಒಡೆದು ಮೀಟರ್‌ನಲ್ಲಿ ಅಳೆಯುವ ಪದ್ಧತಿ) ವಲಯ 43 ಉತ್ತರವನ್ನು ಆರಿಸುತ್ತಾರೆ. ಅದು ಸರಿಯಾದ ಆಯ್ಕೆಯೇ, ನಿಮ್ಮ ನಾಲ್ಕೂ ಜಾಗ ಆ ವಲಯದಲ್ಲೇ ಬರುತ್ತವೆ. ಬಳ್ಳಾರಿಗೆ ಪೂರ್ವದ ಅಂಕೆ 7 ಲಕ್ಷದ ಆಸುಪಾಸು, ಉತ್ತರದ ಅಂಕೆ 16.7 ಲಕ್ಷದ ಆಸುಪಾಸು ಸಿಗುತ್ತದೆ. ಅದನ್ನೇ ನೇರವಾಗಿ ಬ್ಲಾಕ್ ಅಂಕೆಯಾಗಿ ಹಾಕಿದರೆ ಬೆಡ್‌ರಾಕ್‌ನಲ್ಲಿ ನೀವು ಆಗಲೇ ಎಂಟನೇ ಒಂದು ಭಾಗದ ವಲಯದಲ್ಲಿದ್ದೀರಿ, ಬಳ್ಳಾರಿ ಕೋಟೆಯ ಮೆಟ್ಟಿಲು ಹತ್ತುವಾಗಲೇ ಪರದೆ ನಡುಗುತ್ತದೆ. ಚೌಕಟ್ಟಿನ ನಡುವಿನ ಬಿಂದುವಿನ ಯುಟಿಎಂ ಅಂಕೆಯನ್ನು ಎಲ್ಲದರಿಂದ ಕಳೆಯಿರಿ. ಆ ಬಿಂದುವನ್ನು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಇಟ್ಟುಕೊಳ್ಳಿ. ಒಬ್ಬರ ಹತ್ತಿರ ಬೇರೆ ಅಂಕೆ ಇದ್ದರೆ ತುಂಡುಗಳು ಕೂಡುವುದಿಲ್ಲ.

ಇನ್ನೊಂದು: ಮೈನ್‌ಕ್ರಾಫ್ಟ್‌ನಲ್ಲಿ ಝಡ್ (ಉತ್ತರ-ದಕ್ಷಿಣದ) ಅಂಕೆ ಹೆಚ್ಚುವುದು ದಕ್ಷಿಣಕ್ಕೆ, ಯುಟಿಎಂನಲ್ಲಿ ಹೆಚ್ಚುವುದು ಉತ್ತರಕ್ಕೆ. ನಡುಬಿಂದುವಿನ ಉತ್ತರಾಂಕದಿಂದ ನಿಮ್ಮ ಜಾಗದ ಉತ್ತರಾಂಕ ಕಳೆಯಬೇಕು, ತಿರುಗುಮುರುಗು ಮಾಡಬಾರದು. ಮರೆತರೆ ಊರುಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಮಗುಚಿ, ಕೊಪ್ಪಳ ತುಂಗಭದ್ರೆಯ ದಕ್ಷಿಣ ದಂಡೆಗೆ ಬಂದು ಕೂರುತ್ತದೆ.

ಎತ್ತರಕ್ಕೆ ಬರೋಣ. 2021ರ 1.18 ಆವೃತ್ತಿಯಿಂದ ಜಾವಾ ವರ್ಲ್ಡ್ -64ರಿಂದ 319ರವರೆಗೆ, ಒಟ್ಟು 384 ಬ್ಲಾಕ್. ಟಿಬಿ ಡ್ಯಾಂ ತುಂಬಿದಾಗ ನೀರಿನ ಮಟ್ಟ 1633 ಅಡಿ, ಅಂದರೆ ಸಮುದ್ರಮಟ್ಟದಿಂದ 497.74 ಮೀಟರ್. ಡ್ಯಾಂ ತಳವೂ ಸೇರಿ ಎಲ್ಲವೂ ಆಟದ ಆಕಾಶದ ಮೇಲೆ ಹೋಯಿತು. ಹಾಗಾಗಿ ಎಲ್ಲ ಎತ್ತರದಿಂದ ಒಂದು ಅಂಕೆ ಕಳೆಯಲೇಬೇಕು. 300 ಕಳೆಯಿರಿ: ಜಲಾಶಯದ ನೀರು 198ಕ್ಕೆ, ರಾಯಚೂರು ಪಟ್ಟಣ ಸುಮಾರು 107ಕ್ಕೆ ಬರುತ್ತದೆ. ಆದರೆ ಸಂಡೂರಿನ ಬೆಟ್ಟಸಾಲು ಸಾವಿರ ಮೀಟರ್ ಆಸುಪಾಸಿನದ್ದು, ಕಳೆದ ಮೇಲೂ 700. ಮಾಮೂಲಿ ವರ್ಲ್ಡ್‌ನಲ್ಲಿ ಹಿಡಿಸುವುದಿಲ್ಲ, ಬೆಟ್ಟದ ತಲೆ ಕತ್ತರಿಸಿದಂತೆ ಸಪಾಟಾಗುತ್ತದೆ.

ಇದಕ್ಕೆ ದಾರಿ ಇದೆ. ಡೇಟಾಪ್ಯಾಕ್‌ನಲ್ಲಿ (ಜಾವಾ ಆಟದ ನಿಯಮ ಬದಲಿಸುವ ಕಡತಗಳ ಕಟ್ಟು) ಓವರ್‌ವರ್ಲ್ಡ್‌ನ, ಅಂದರೆ ಆಟದ ಮುಖ್ಯ ಲೋಕದ, ಡೈಮೆನ್ಶನ್ ಟೈಪ್ ಕಡತ ತೆರೆದು ಕನಿಷ್ಠ ಎತ್ತರ -64, ಒಟ್ಟು ಎತ್ತರ 1088 ಹಾಕಿ. ಮೇಲ್ತುದಿ 1023 ಆಗುತ್ತದೆ. ಎರಡೂ ಅಂಕೆ 16ರ ಗುಣಕ ಆಗಿರಬೇಕು, ಇಲ್ಲದಿದ್ದರೆ ವರ್ಲ್ಡ್ ತೆರೆಯುವುದೇ ಇಲ್ಲ. 12 ಬಿಟ್‌ನಲ್ಲಿ ಹಿಡಿಸುವ ಗರಿಷ್ಠ ಒಟ್ಟು ಎತ್ತರ 4064, ನಿಮಗೆ ಅಷ್ಟು ಬೇಕಿಲ್ಲ. ಎತ್ತರ ಹೆಚ್ಚಿದಂತೆ ಚಂಕ್‌ನಲ್ಲಿ 16ರ ಘನಗಳು 24ರಿಂದ 68ಕ್ಕೆ ಏರುತ್ತವೆ. ಬರೀ ಗಾಳಿ ಇರುವ ಘನಕ್ಕೆ ಹೆಚ್ಚು ಜಾಗ ಹೋಗುವುದಿಲ್ಲ, ಹೆದರಬೇಡಿ. ಈ ಕೆಲಸ ವರ್ಲ್ಡ್ ಹುಟ್ಟುವ ಮೊದಲೇ ಆಗಬೇಕು. ಅರ್ಧ ಕಟ್ಟಿದ ಮೇಲೆ ಬದಲಿಸಲು ಹೋಗಬೇಡಿ.

ನೆಲದ ಎತ್ತರಕ್ಕೆ ಇಸ್ರೋದ ಭುವನ್ ತಾಣದ ಕಾರ್ಟೋಡೆಮ್ ಅಥವಾ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ ಸಾಕು, ಎರಡೂ 30 ಮೀಟರ್‌ಗೆ ಒಂದು ಬಿಂದು ಕೊಡುತ್ತವೆ. ಆನೆಗೊಂದಿಯ ಬಂಡೆಗಳ ಸಂದಿಗೊಂದಿ ಅದರಲ್ಲಿ ಬರುವುದಿಲ್ಲ, ಅದು ನಿಮ್ಮ ಕೈಕೆಲಸವೇ. ಕ್ಯೂಜಿಐಎಸ್‌ನಿಂದ ಚಿತ್ರ ಹೊರತೆಗೆದು ಮೈನ್‌ಕ್ರಾಫ್ಟ್ ನೆಲ ಮಾಡಿಕೊಡುವ ವರ್ಲ್ಡ್‌ಪೇಂಟರ್ ತಂತ್ರಾಂಶಕ್ಕೆ ಹಾಕುವಾಗ 16 ಬಿಟ್‌ನ ಬೂದು ಪಿಎನ್‌ಜಿ ಆಗಿರಲಿ. 8 ಬಿಟ್‌ನದಾದರೆ ಇರುವುದು 256 ಹಂತ ಮಾತ್ರ, ಸಾವಿರ ಮೀಟರ್‌ನ ಎತ್ತರವನ್ನು ಅದರಲ್ಲಿ ತುಂಬಿದರೆ ಒಂದೊಂದು ಹಂತಕ್ಕೆ ನಾಲ್ಕು ಬ್ಲಾಕ್, ಹೊಲವೆಲ್ಲ ಮೆಟ್ಟಿಲುಮೆಟ್ಟಿಲಾಗುತ್ತದೆ. ವರ್ಲ್ಡ್‌ಪೇಂಟರ್‌ನಲ್ಲಿ ನೀರಿನ ಮಟ್ಟ ತಾನಾಗಿ 62 ಇರುತ್ತದೆ. 300 ಕಳೆದಿದ್ದೀರಲ್ಲ, ನಿಜದಲ್ಲಿ 362 ಮೀಟರ್‌ಗಿಂತ ತಗ್ಗಿರುವ ಕೃಷ್ಣಾ ದಂಡೆಯೆಲ್ಲ ಮುಳುಗುತ್ತದೆ. ಮಟ್ಟವನ್ನು ತಳಕ್ಕೆ ಇಳಿಸಿ, ಜಲಾಶಯವನ್ನು ಮಾತ್ರ ಫ್ಲಡ್ ಉಪಕರಣದಿಂದ 198ಕ್ಕೆ ತುಂಬಿ. ಆಟದೊಳಗೆ ಬಕೆಟ್‌ನಿಂದ ತುಂಬುವ ಯೋಚನೆ ಬೇಡ: ಸಪಾಟು ನೆಲದಲ್ಲಿ ನೀರು 7 ಬ್ಲಾಕ್ ಹರಿದು ನಿಲ್ಲುತ್ತದೆ, ಫಿಲ್ ಆದೇಶ ಒಮ್ಮೆಗೆ 32,768 ಬ್ಲಾಕ್ ಮಾತ್ರ ತುಂಬುತ್ತದೆ. ಜಲಾಶಯದ ಹರವು 378 ಚದರ ಕಿಮೀ, ಒಂದೇ ಪದರಕ್ಕೆ 37.8 ಕೋಟಿ ಬ್ಲಾಕ್.

ಡಿಸ್ಕ್ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಜಾವಾದಲ್ಲಿ 32ಕ್ಕೆ 32 ಚಂಕ್ ಸೇರಿ ಒಂದು ರೀಜನ್ ಕಡತ, 512ಕ್ಕೆ 512 ಬ್ಲಾಕ್. ಕಡತದೊಳಗೆ ಜಾಗ ಹಂಚುವುದು 4096 ಬೈಟ್‌ನ ಸೆಕ್ಟರ್ ಲೆಕ್ಕದಲ್ಲಿ. ಒಂದು ಚಂಕ್‌ಗೆ ಎರಡು ಸೆಕ್ಟರ್ ಹೋದರೂ ರೀಜನ್‌ಗೆ 8 ಎಂಬಿ. ನಿಮ್ಮ ಪೂರ್ತಿ ಚೌಕಟ್ಟು 15,600 ಚದರ ಕಿಮೀ, ಸುಮಾರು 59,500 ರೀಜನ್, ಹೆಚ್ಚುಕಡಿಮೆ 475 ಜಿಬಿ. ಇದರ ಮೇಲೆ ಬ್ಯಾಕಪ್‌ಗೂ ಅಷ್ಟೇ. 60 ದಶಲಕ್ಷ ಚಂಕ್‌ಗಳನ್ನು ಸೆಕೆಂಡಿಗೆ 50ರಂತೆ ಹುಟ್ಟಿಸಿದರೂ ಹದಿನಾಲ್ಕು ದಿನ ಯಂತ್ರ ಓಡಬೇಕು.

ನಾನಾದರೆ ಪೂರ್ತಿ ಚೌಕಟ್ಟು ತುಂಬುವುದಿಲ್ಲ. ನಾಲ್ಕು ಜಾಗವನ್ನೂ ಅವುಗಳ ನಿಜವಾದ ಅಂಕೆಯಲ್ಲೇ ಇಟ್ಟು, ಒಂದೊಂದರ ಸುತ್ತ 10ಕ್ಕೆ 10 ಕಿಮೀ ಮಾತ್ರ ನೆಲ ಹಾಕುತ್ತೇನೆ. ಒಟ್ಟು 400 ಚದರ ಕಿಮೀ, 1526 ರೀಜನ್, 12 ಜಿಬಿ. ನಡುವಿನ ಜಾಗಕ್ಕೆ ಸೂಪರ್‌ಫ್ಲಾಟ್‌ನ ಖಾಲಿ ವರ್ಲ್ಡ್ ಆರಿಸಿ, ಇಲ್ಲದಿದ್ದರೆ ಸಿಂಧನೂರಿನ ಗದ್ದೆ ಇರಬೇಕಾದ ಕಡೆ ಆಟವೇ ಹಿಮದ ಕಾಡು ಹುಟ್ಟಿಸಿಬಿಟ್ಟೀತು. ಒಂದು ಎಚ್ಚರ: ಖಾಲಿ ಚಂಕ್ ಕೂಡ ಹುಟ್ಟಿದ ಮೇಲೆ ಕನಿಷ್ಠ ಒಂದು ಸೆಕ್ಟರ್ ತಿನ್ನುತ್ತದೆ, ರೀಜನ್ ತುಂಬಿದರೆ 4 ಎಂಬಿ. ಯಾರಾದರೂ ಎಲಿಟ್ರಾ (ಹಾರುವ ರೆಕ್ಕೆ) ಹಾಕಿಕೊಂಡು ಬಳ್ಳಾರಿಯಿಂದ ರಾಯಚೂರಿಗೆ ಹಾರುತ್ತಾ ಹೋದರೆ ದಾರಿಯುದ್ದಕ್ಕೂ ಏನೂ ಇಲ್ಲದ ನೆಲ ಡಿಸ್ಕ್ ತುಂಬುತ್ತದೆ. ಊರಿಂದ ಊರಿಗೆ ಟೆಲಿಪೋರ್ಟ್ ಇಡಿ, ವರ್ಲ್ಡ್‌ಬಾರ್ಡರ್ ಆದೇಶದಿಂದ ಗಡಿಯನ್ನು 1,32,000ಕ್ಕೆ ಕಟ್ಟಿ. ಆ ಆದೇಶ ಕೇಳುವುದು ಪೂರ್ತಿ ಅಗಲವನ್ನು, ಅರ್ಧವನ್ನಲ್ಲ.

ನೋಟದ ಮಿತಿಯೂ ಒಂದಿದೆ. ಡ್ಯಾಂ ಉದ್ದ ಸುಮಾರು 2.4 ಕಿಮೀ, 150 ಚಂಕ್. ವ್ಯೂ ಡಿಸ್ಟೆನ್ಸ್ ಅನ್ನು 32ಕ್ಕೆ ಏರಿಸಿದರೂ ಕಾಣುವುದು ಆಚೆ ಈಚೆ 512 ಬ್ಲಾಕ್. ನಡುಮಧ್ಯೆ ನಿಂತರೂ ಎರಡು ತುದಿ ಮಂಜಿನೊಳಗೆ ಹೋಗುತ್ತವೆ, 33 ಗೇಟ್ ಸಾಲಾಗಿ ಕಂಡಾವು, ಇಡೀ ಕಟ್ಟೆ ಕಾಣದು. ಜಾವಾದಲ್ಲಿ ಡಿಸ್ಟೆಂಟ್ ಹೊರೈಜನ್ಸ್ ಮಾಡ್ ಹಾಕಿದರೆ ದೂರದ್ದನ್ನು ಒರಟಾಗಿ ಚಿತ್ರಿಸಿ ತೋರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಖಂಡಿತ ಹಾಕಿ, ಡ್ಯಾಂ ಅನ್ನು ಡ್ಯಾಂ ಅಂತ ಅನ್ನಿಸುವುದೇ ಆ ಉದ್ದದಿಂದ.

ಹಳೆಯ ಕಂಪ್ಯೂಟರ್ ಮಾತ್ರ ಇದ್ದರೆ ಮೈನ್‌ಕ್ರಾಫ್ಟ್‌ನಂಥದೇ ಉಚಿತ ಆಟ ಲುವಾಂಟಿಯನ್ನೂ ನೋಡಿ, ಮೊದಲು ಮೈನ್‌ಟೆಸ್ಟ್ ಅಂತಿದ್ದರು. ಅದರಲ್ಲಿ ಜಾಗದ ಅಂಕೆ 16 ಬಿಟ್, ಹಾಗಾಗಿ ವರ್ಲ್ಡ್ ಮೂರೂ ದಿಕ್ಕಿಗೆ ಸುಮಾರು 61.8 ಕಿಮೀ. ಎತ್ತರದ ಜಗಳವೇ ಇಲ್ಲ, ಸಂಡೂರು ಏನೂ ಕಳೆಯದೆ ಹಿಡಿಸುತ್ತದೆ. ಬಳ್ಳಾರಿಯಿಂದ ಹೊಸಪೇಟೆಗೆ ನೇರ ಗೆರೆಯಲ್ಲಿ ಸುಮಾರು 59 ಕಿಮೀ, ಅಂಚಿಗೆ ಅಂಚು ತಾಗಿಸಿ ಕೂರಿಸಬಹುದು. ರಾಯಚೂರನ್ನು ಮಾತ್ರ ಬಿಡಬೇಕು, ಅಥವಾ ಎರಡು ಮೀಟರ್‌ಗಿಂತ ಸ್ವಲ್ಪ ಹೆಚ್ಚನ್ನು ಒಂದು ಬ್ಲಾಕ್ ಮಾಡಬೇಕು. ಲುವಾಂಟಿಯಲ್ಲಿ ಝಡ್ ಹೆಚ್ಚುವುದು ಉತ್ತರಕ್ಕೆ, ಮೈನ್‌ಕ್ರಾಫ್ಟ್‌ಗೆ ಮಾಡಿದ ಲೆಕ್ಕವನ್ನು ಹಾಗೇ ತರಬೇಡಿ.

ಶುರು ಮಾಡುವಾಗ ಒಂದೇ ರೀಜನ್, 512ಕ್ಕೆ 512, ಡ್ಯಾಂನ ಒಂದು ತುದಿಯದನ್ನು ಹೊರತೆಗೆದು ಆಟದಲ್ಲಿ ತೆರೆಯಿರಿ. ಎಫ್3 ಒತ್ತಿ ಜಲಾಶಯದ ಮೇಲ್ಮೈಯಲ್ಲಿ ವೈ (ಎತ್ತರದ) ಅಂಕೆ 198ರ ಹತ್ತಿರ ಇದೆಯಾ ನೋಡಿ, ಉತ್ತರಕ್ಕೆ ಮುಖ ಮಾಡಿದಾಗ ಝಡ್ ಇಳಿಯುತ್ತಾ ಮುನಿರಾಬಾದ್ ಕಡೆಯ ದಂಡೆ ಎದುರಿಗೆ ಬರುತ್ತದಾ ನೋಡಿ. ಎರಡೂ ಸರಿ ಬಂದ ಮೇಲೆ ಉಳಿದ 1525 ರೀಜನ್ ಹೊರತೆಗೆಯಿರಿ.