ಮೊದಲ ಸಲವೋ, ಎರಡನೇ ಸಲವೋ?

ಪ್ರಶ್ನೆ: 2013ರಲ್ಲಿ ಜಪಾನಿನ ಚಕ್ರವರ್ತಿ ಅಕಿಹಿತೊ ದಿಲ್ಲಿಗೆ ಬಂದಾಗ ‘ಇದೇ ಮೊದಲು’ ಅಂತ ಪೇಪರಿನಲ್ಲಿ ಓದಿದ ನೆನಪು. ನಮ್ಮ ಅಪ್ಪ ಮಾತ್ರ ‘ಅವರು 1960ರಲ್ಲೇ ಬಂದಿದ್ದರು ಕಣೋ’ ಅಂತ ಈಗಲೂ ವಾದಿಸುತ್ತಾರೆ. ಯಾರು ಸರಿ? ಆ ಭೇಟಿಯಿಂದ ನಮ್ಮಲ್ಲಿ ಏನಾದರೂ ಉಳಿದಿದೆಯಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಇಬ್ಬರೂ ಸರಿ. ನಿಮ್ಮ ಅಪ್ಪ ಸ್ವಲ್ಪ ಜಾಸ್ತಿ ಸರಿ.

ಸಿಂಹಾಸನದ ಮೇಲಿದ್ದ ಜಪಾನಿ ಚಕ್ರವರ್ತಿ ಭಾರತಕ್ಕೆ ಬಂದಿದ್ದು 2013ರಲ್ಲೇ ಮೊದಲು. ಆದರೆ 1960ರ ನವೆಂಬರಿನಲ್ಲಿ ಅದೇ ಅಕಿಹಿತೊ ಯುವರಾಜರಾಗಿ ಬಂದಿದ್ದರು. ಆಗ ಅವರಿಗೆ 26 ವರ್ಷ. ಜೊತೆಗೆ ಹೆಂಡತಿ ಮಿಚಿಕೊ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು ಅಷ್ಟೇ. ಒಂಬತ್ತು ತಿಂಗಳ ಕೂಸನ್ನು ಟೋಕಿಯೋದಲ್ಲೇ ಬಿಟ್ಟು ಹೊರಟಿದ್ದರು. ಆ ಕೂಸೇ ಈಗಿನ ಚಕ್ರವರ್ತಿ ನರುಹಿತೊ.

ಬಂದಿದ್ದು ಯಾಕೆ? ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಮುಯ್ಯಿ. 1958ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಜಪಾನಿಗೆ ಹೋಗಿದ್ದರು. ನಾವು ಅವರ ಮನೆಗೆ ಹೋದ ಮೇಲೆ ಅವರು ನಮ್ಮ ಮನೆಗೆ ಬರಬೇಕಲ್ವಾ? ನ್ಯಾಯವಾಗಿ ಬರಬೇಕಿದ್ದವರು ತಂದೆ ಹಿರೊಹಿತೊ. ಆದರೆ ಚಕ್ರವರ್ತಿ ಪರದೇಶಕ್ಕೆ ಹೋದಾಗ ಅವರ ಕೆಲಸ ಯಾರು ನೋಡಬೇಕು ಎಂಬುದಕ್ಕೆ ಆಗ ಕಾನೂನೇ ಇರಲಿಲ್ಲ. ಅದು ಬಂದಿದ್ದು 1964ರಲ್ಲಿ. ಹಾಗಾಗಿ ಮಗ ಬಂದರು. ದೊಡ್ಡವರಿಗೆ ಆಗದಿದ್ದರೆ ಮದುವೆಗೆ ಮಗ ಸೊಸೆಯನ್ನು ಕಳಿಸುತ್ತೇವಲ್ಲ, ಹಾಗೆ.

ಉಳಿದಿದ್ದನ್ನು ನೋಡಬೇಕಿದ್ದರೆ ದಿಲ್ಲಿಯ ಲೋಧಿ ಗಾರ್ಡನ್ ಪಕ್ಕಕ್ಕೆ ಹೋಗಿ. ಅಲ್ಲಿ ಉಪನ್ಯಾಸ, ಚರ್ಚೆ ನಡೆಯುವ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್‌ಗೆ 1960ರ ನವೆಂಬರ್ 30ರಂದು ಅಡಿಗಲ್ಲು ಇಟ್ಟಿದ್ದು ಇದೇ ಅಕಿಹಿತೊ. ಕಟ್ಟಡದ ನಕ್ಷೆ ಜೋಸೆಫ್ ಸ್ಟೈನ್ ಅವರದು. 1962ರಲ್ಲಿ ಬಾಗಿಲು ತೆರೆಯಿತು. ನಾನು ದಿಲ್ಲಿಯಲ್ಲಿ ಕೆಲಸಕ್ಕಿದ್ದಾಗ ಆಫೀಸು ಮುಗಿಸಿ ಅಲ್ಲಿಗೆ ಉಪನ್ಯಾಸ ಕೇಳಲು ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಅರ್ಧ ಉಪನ್ಯಾಸಕ್ಕೆ, ಅರ್ಧ ಆಮೇಲೆ ಕೊಡುವ ಚಹಾಕ್ಕೆ. ಒರಟು ಕಲ್ಲಿನ ಗೋಡೆ, ಜಾಲಂಧ್ರದ ಕಿಂಡಿಗಳು, ಮರಗಳ ನಡುವೆ ತಗ್ಗಾಗಿ ಕೂತ ಕಟ್ಟಡ. ಆಡಂಬರವೇ ಇಲ್ಲ. ಅಲ್ಲಿ ಅಷ್ಟು ಸಂಜೆ ಕಳೆದರೂ ಅಡಿಗಲ್ಲು ಇಟ್ಟವರು ಯಾರು ಅಂತ ಒಂದು ದಿನವೂ ಕೇಳಿರಲಿಲ್ಲ. ಗೊತ್ತಾಗಿದ್ದು 2013ರ ಪೇಪರ್ ಓದಿದಾಗಲೇ!

ತಾರೀಖು ಗಮನಿಸಿ. 2013ರಲ್ಲೂ ಅವರು ದಿಲ್ಲಿಗೆ ಬಂದಿಳಿದಿದ್ದು ನವೆಂಬರ್ 30ರಂದೇ. ಸರಿಯಾಗಿ 53 ವರ್ಷ. ಪ್ರಧಾನಿ ಮನಮೋಹನ ಸಿಂಗ್ ತಾವೇ ವಿಮಾನ ನಿಲ್ದಾಣಕ್ಕೆ ಹೋಗಿ ಬರಮಾಡಿಕೊಂಡರು. ಗಂಡ ಹೆಂಡತಿ ಲೋಧಿ ಗಾರ್ಡನ್‌ನಲ್ಲಿ ಒಂದು ಸುತ್ತು ನಡೆದರು. ಆಮೇಲೆ ಚೆನ್ನೈಗೆ ಹೋಗಿ ಅಲ್ಲಿನ ನೃತ್ಯ, ಸಂಗೀತದ ಶಾಲೆ ಕಲಾಕ್ಷೇತ್ರ ನೋಡಿದರು. ಬೆಂಗಳೂರಿಗೆ ಬರಲಿಲ್ಲ.

ಅದಕ್ಕೆ ಬೇಜಾರು ಬೇಡ. ಈ ಕೊಡುಕೊಳ್ಳುವಿಕೆಯಲ್ಲಿ ನಮ್ಮವಳೊಬ್ಬಳು ಎಲ್ಲರಿಗಿಂತ ಮೊದಲೇ ಟೋಕಿಯೋ ತಲುಪಿದ್ದಳು. ಯುದ್ಧದ ಕಾಲದಲ್ಲಿ ಅಲ್ಲಿನ ಉಎನೊ ಮೃಗಾಲಯದ ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದ್ದರು. ಯುದ್ಧ ಮುಗಿದ ಮೇಲೆ, ನಮಗೊಂದು ಆನೆ ಕಳಿಸಿ ಅಂತ ಮಕ್ಕಳು ನೆಹರೂಗೆ ಕಾಗದ ಬರೆದರು. 1949ರಲ್ಲಿ ನೆಹರೂ ಆನೆ ಕಳಿಸಿದರು, ಮಗಳ ಹೆಸರನ್ನೇ ಇಟ್ಟು, ಇಂದಿರಾ ಅಂತ. ಆನೆ ಮೈಸೂರು ಸೀಮೆಯದು. ಅದಕ್ಕೆ ಕನ್ನಡ ಬಿಟ್ಟು ಬೇರೆ ಮಾತು ತಿಳಿಯುತ್ತಿರಲಿಲ್ಲ. ಜಪಾನಿ ಭಾಷೆಯಲ್ಲಿ ಕೂಗಿದರೆ ಸುಮ್ನೆ ನಿಂತಿರುತ್ತಿತ್ತು. ಕೊನೆಗೆ ಮೃಗಾಲಯದವರೇ ಜೊತೆಗೆ ಹೋಗಿದ್ದ ಮಾವುತರಿಂದ ಕನ್ನಡ ಕಲಿತರು. 1983ರಲ್ಲಿ ಸಾಯುವವರೆಗೂ ಇಂದಿರಾ ಜಪಾನಿನಲ್ಲೇ ಇದ್ದಳು.

ಅಪ್ಪನನ್ನು ಕೇಳಿ ನೋಡಿ. 1960 ನೆನಪಿರುವವರಿಗೆ ಈ ಆನೆಯೂ ನೆನಪಿರಬಹುದು. ಇದ್ದರೆ ಬರೆದು ತಿಳಿಸಿ.