ಐದು ಕೆಲಸ, ಒಂದು ಶಾಲು

ಸುರಪುರದ ಓದುಗರೊಬ್ಬರ ದೀರ್ಘ ಪತ್ರ ಈ ತಿಂಗಳ ಟಪಾಲಿನಲ್ಲಿ ಬಂದಿದೆ. ಪೂರ್ತಿ ಅಚ್ಚು ಹಾಕಲು ಪುಟ ಸಾಲದು, ಆದ್ದರಿಂದ ಅದರ ತಿರುಳನ್ನು ಅವರ ಮಾತಿನಲ್ಲೇ ಕೊಡುತ್ತೇನೆ:

“ನನಗೀಗ 29 ವರ್ಷ. ಶಾಲೆಗಳ ಗೋಡೆಗೆ ಚಿತ್ರ ಬರೆಯುತ್ತೇನೆ, ಲಗ್ನಪತ್ರಿಕೆ ವಿನ್ಯಾಸ ಮಾಡುತ್ತೇನೆ, ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತೇನೆ, ನಾಟಕಗಳಿಗೆ ಬಣ್ಣ ಹಚ್ಚುತ್ತೇನೆ, ರಾತ್ರಿ ಕಥೆ ಬರೆಯುತ್ತೇನೆ. ಎರಡು ದೋಣಿಯಲ್ಲಿ ಕಾಲಿಟ್ಟವರೇ ಮುಳುಗುತ್ತಾರೆ, ನೀನು ಐದರಲ್ಲಿ ಇಟ್ಟಿದ್ದೀಯ ಎಂದು ಸೋದರಮಾವ ಹೇಳುತ್ತಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಗೆಳತಿಯೂ ಒಂದನ್ನೇ ಹಿಡಿ ಎನ್ನುತ್ತಾಳೆ. ಯಾವುದರಲ್ಲೂ ಪೂರ್ತಿಯಾಗದವಳು ಎಂದು ನನಗೇ ಅನ್ನಿಸತೊಡಗಿದೆ. ಯಾವುದನ್ನು ಬಿಡಲಿ?”

ತಂಗಿ, ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಐದರಲ್ಲಿ ಒಂದನ್ನೂ ಬಿಡಬೇಡಿ. ಬಿಡಬೇಕಾದದ್ದು ಬೇರೆಯೇ ಒಂದಿದೆ. ಅದನ್ನು ನಿಮ್ಮ ಪತ್ರದ ನಾಲ್ಕನೆಯ ಪುಟದಲ್ಲಿ ನೀವೇ ಬರೆದಿದ್ದೀರಿ, ಆದರೆ ಗಮನಿಸಿದಂತೆ ಕಾಣುವುದಿಲ್ಲ.

ಮೊದಲು ನಿಮ್ಮ ಮಾವನವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಒಂದೇ ವಿದ್ಯೆಯನ್ನು ಜೀವಮಾನವಿಡೀ ತಿದ್ದಿ ತೀಡಿದವರ ಕೈಗೆ ಬರುವ ಹದ ಬೇರೆಯೇ ಆಗಿರುತ್ತದೆ ಎಂಬುದನ್ನು ಬೀದರಿನ ಬಿದರಿ ಕೆಲಸಗಾರರ ಪಕ್ಕದಲ್ಲಿ ಅರ್ಧ ದಿನ ಕುಳಿತವರೂ ಒಪ್ಪುತ್ತಾರೆ. ಸತುವೇ ಬಹುಪಾಲಾಗಿರುವ ಎರಕದ ಹೂಜಿಯನ್ನು ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಆ ಕಪ್ಪಿನ ಮೇಲೆ ಮೊನಚು ಕಡ್ಡಿಯಿಂದ ಬಳ್ಳಿಯನ್ನು ಗೀಚಿ, ಆ ಗೆರೆಯನ್ನು ಉಳಿಯಿಂದ ಕೊರೆದು, ಕೊರೆದಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಕೋಣೆಗಳಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿಯಾದ ಲೋಹಕ್ಕೆ ಹಚ್ಚಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಮಣ್ಣು ಸರಿಯಾದದ್ದೇ ಎಂದು ನಾಲಿಗೆಯ ಮೇಲಿಟ್ಟು ಹೇಳುವವರಿದ್ದಾರೆ. ಅಂಥ ತಿಳಿವಳಿಕೆ ಅರೆಮನಸ್ಸಿನವರಿಗೆ ದಕ್ಕುವುದಿಲ್ಲ. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಏಕನಿಷ್ಠೆಗೇ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ನಾವು ಬಿದರಿ ಎಂದು ಕರೆಯುವ ಆ ಒಂದು ವಿದ್ಯೆಯೊಳಗೆ ಎರಕವಿದೆ, ಚಿತ್ರವಿದೆ, ಕೆತ್ತನೆಯಿದೆ, ಅಕ್ಕಸಾಲಿಗತನವಿದೆ, ಮಣ್ಣಿನ ರಸಾಯನವಿದೆ. ಸಾಲುಸಾಲಾಗಿ ಕುಳಿತವರಲ್ಲಿ ಒಬ್ಬೊಬ್ಬರೂ ಒಂದೊಂದನ್ನು ಮಾಡುತ್ತಾರೆ ನಿಜ, ಆದರೆ ಅಂಗಡಿಯ ಯಜಮಾನನಿಗೆ ಐದೂ ಗೊತ್ತಿರದಿದ್ದರೆ ಹೂಜಿ ಹೊರಗೆ ಬರುವುದಿಲ್ಲ. ನಿಮ್ಮ ಮಾವ ಆ ಯಜಮಾನನನ್ನು ಐದು ದೋಣಿಯವನು ಎನ್ನುತ್ತಾರೆಯೇ?

ಕಲಬುರಗಿಯವನಾದ ನನಗೆ ಈ ವಿಷಯ ಬಂದಾಗಲೆಲ್ಲ ಚಿತ್ರಕಾರ ಎಸ್.ಎಂ. ಪಂಡಿತರ ನೆನಪು ಬಾರದೆ ಇರುವುದಿಲ್ಲ. 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿ ಮುಂಬಯಿಗೆ ಹೋದ ಅವರು, ಹಾಲಿವುಡ್ಡಿನ ಎಂಜಿಎಂ ಕಂಪನಿಯ ಸಿನಿಮಾಗಳಿಗೆ ಪ್ರದರ್ಶನ ಫಲಕ ಬರೆದರು, 1949ರ ‘ಬರ್ಸಾತ್’ ಚಿತ್ರಕ್ಕೆ ಪೋಸ್ಟರ್ ಬರೆದರು, ದೇಶದ ಅದೆಷ್ಟೋ ಮನೆಗಳ ಗೋಡೆಗೆ ಏರಿದ ಕ್ಯಾಲೆಂಡರುಗಳಿಗೆ ರಾಧಾಕೃಷ್ಣರನ್ನೂ ನಳದಮಯಂತಿಯರನ್ನೂ ಬರೆದರು. ಕನ್ಯಾಕುಮಾರಿಯ ವಿವೇಕಾನಂದರ ಆಳೆತ್ತರದ ತೈಲಚಿತ್ರವೂ ಅವರದೇ. ಪೋಸ್ಟರು ಬರೆದ ಕೈ ತೈಲಚಿತ್ರಕ್ಕೆ ಅಪವಿತ್ರವಾಗಲಿಲ್ಲ. ಸಿನಿಮಾ ಮಂದಿ ಕೇಳುತ್ತಿದ್ದ ವೇಗ, ದೂರದಿಂದಲೇ ಕಣ್ಣು ಸೆಳೆಯುವ ಬೆಳಕು, ಮುಖದ ಮೇಲಿನ ನಾಟಕೀಯತೆ ಇವೆಲ್ಲ ಅವರ ಪುರಾಣ ಚಿತ್ರಗಳಿಗೆ ಇಳಿದು ಬಂದವು. ‘ಕ್ಯಾಲೆಂಡರ್ ಚಿತ್ರಕಾರ’ ಎಂದು ಮೂಗು ಮುರಿಯುವವರು ಇಂದಿಗೂ ಇದ್ದಾರೆ. ಆದರೆ ಕಲಬುರಗಿಯಲ್ಲಿ ಅವರು ನಾಟಕ ನೋಡಲು, ಭಾಷಣ ಮಾಡಲು, ಹಾರ ಹಾಕಿಸಿಕೊಳ್ಳಲು ಹೋಗುವುದು ಪಂಡಿತರ ಹೆಸರಿನ ರಂಗಮಂದಿರಕ್ಕೇ.

ಅಷ್ಟು ದೊಡ್ಡವರ ಮಾತು ಬೇಡವೆಂದರೆ ನಮ್ಮ ಕಚೇರಿಗೆ ಬರುತ್ತಿದ್ದ ಒಬ್ಬ ಪೇಂಟರ್ ಸಂಗತಿ ಕೇಳಿ. ಅಂಗಡಿಗಳ ಬೋರ್ಡು ಬರೆಯುವುದು ಅವರ ಕಸುಬು. ಬಣ್ಣದ ಪುಡಿ ಹಚ್ಚಿದ ದಾರವನ್ನು ಗೋಡೆಗೆ ಬಿಗಿಹಿಡಿದು ಒಮ್ಮೆ ಚಿಮ್ಮಿಸಿದರೆ ಗೆರೆ ಬೀಳುತ್ತಿತ್ತು, ಆ ಗೆರೆಯ ಮೇಲೆ ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಬರೆಯುತ್ತಿದ್ದರು. ಉರ್ದುವನ್ನು ಬಲದಿಂದ ಆರಂಭಿಸಿ, ಕೊನೆಯ ಅಕ್ಷರ ಎಡಗಡೆಯ ಅಂಚಿಗೆ ಸರಿಯಾಗಿ ಬಂದು ನಿಲ್ಲುವಂತೆ ಅಳತೆಯಿಲ್ಲದೆ ಬರೆಯುವುದನ್ನು ನೋಡುವುದೇ ಒಂದು ಸುಖವಾಗಿತ್ತು. ಫ್ಲೆಕ್ಸ್ ಮಷಿನ್ನು ಬಂದ ಮೇಲೆ ರಾತ್ರಿ ಕೊಟ್ಟ ಬೋರ್ಡು ಬೆಳಿಗ್ಗೆ ಸಿದ್ಧವಾಗತೊಡಗಿತು, ಅಕ್ಷರವೊಂದನ್ನೇ ನಂಬಿದ್ದ ಅವರ ಜೊತೆಗಾರರು ಕುಂಚ ಬಿಟ್ಟು ಆಟೊ ಹಿಡಿದರು. ಇವರು ನಾಟಕದ ಪರದೆ ಬರೆಯುತ್ತಿದ್ದರು, ಭಾದ್ರಪದಕ್ಕೆ ಗಣಪತಿ ಮಾಡುತ್ತಿದ್ದರು, ಭಜನೆಗೆ ತಬಲಾ ನುಡಿಸುತ್ತಿದ್ದರು. ಹೀಗಾಗಿ ಒಂದು ಬಾಗಿಲು ಮುಚ್ಚಿದಾಗ ಮನೆಯ ಒಲೆ ಆರಲಿಲ್ಲ. ಈಗ ಚಿತ್ರ, ಅಕ್ಷರ, ಕಥೆ ಮೂರನ್ನೂ ಕಂಪ್ಯೂಟರು ತಾನೇ ಮಾಡುತ್ತೇನೆಂದು ಬಂದು ನಿಂತಿದೆ. ಹೀಗಿರುವಾಗ ಒಂದನ್ನೇ ಹಿಡಿ ಎಂಬ ನಿಮ್ಮ ಗೆಳತಿಯ ಬುದ್ಧಿಮಾತು ಬೆಂಗಳೂರಿನ ದೊಡ್ಡ ಕಂಪನಿಯ ಮೇಜಿಗೆ ಹೊಂದೀತು. ಒಂದೊಂದು ಚಿಕ್ಕ ಕೆಲಸಕ್ಕೂ ಒಬ್ಬೊಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಗಿರಾಕಿಗಳು ಯಾದಗಿರಿ ಜಿಲ್ಲೆಯಲ್ಲಿಲ್ಲ.

ನಿಮ್ಮೂರಿನ ಗುಡ್ಡದ ಮೇಲಿರುವ ಟೇಲರ್ ಮಂಜಿಲನ್ನು ನೀವು ದಿನಾ ನೋಡುತ್ತೀರಿ. ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಿಂದ ಸುಮಾರು ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಆಡಳಿತ ನೋಡಿದ, ರಸ್ತೆ ಮಾಡಿಸಿದ, ಕೆರೆ ಕಟ್ಟಿಸಿದ, ಕಾದಂಬರಿ ಬರೆದ, ಚಿತ್ರ ಬರೆದ, ಸುತ್ತಲಿನ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು ಅಳೆದು ವರದಿ ಮಾಡಿದ. ಅವನನ್ನು ಯಾರೂ ಯಾವುದನ್ನು ಬಿಡುತ್ತೀಯ ಎಂದು ಕೇಳಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಬಸವಕಲ್ಯಾಣದಿಂದ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರನಿದ್ದಾನೆ. ಅಡುಗೆ, ಆನೆ, ಸಂಗೀತ, ಚಿತ್ರಕಲೆ ಎಲ್ಲವನ್ನೂ ಒಂದೇ ಗ್ರಂಥಕ್ಕೆ ತುಂಬಿದ ಅವನನ್ನು ಜನ ಸರ್ವಜ್ಞ ಎಂದು ಹೊಗಳಿದರು. ಒಬ್ಬನಿಗೆ ಸಂಬಳ ಬರುತ್ತಿತ್ತು, ಇನ್ನೊಬ್ಬನಿಗೆ ಕಪ್ಪಕಾಣಿಕೆ ಬರುತ್ತಿತ್ತು. ಉಳ್ಳವನು ಐದು ಬಲ್ಲವನಾದರೆ ಅದು ಪ್ರತಿಭೆ, ಶಾಲಾ ಮಾಸ್ತರರ ಮಗಳು ಐದು ಬಲ್ಲವಳಾದರೆ ಅದು ಚಂಚಲತೆ. ಈ ತಕ್ಕಡಿಯನ್ನು ನೀವೂ ಒಪ್ಪಿಕೊಂಡು ‘ಯಾವುದರಲ್ಲೂ ಪೂರ್ತಿಯಾಗದವಳು’ ಎಂದು ಬರೆದಿರಲ್ಲ, ಅದಕ್ಕಾಗಿ ನಿಮ್ಮ ಮೇಲೆ ನನಗೆ ನಿಜವಾಗಿ ಸಿಟ್ಟು ಬಂತು.

ಈಗ ನಾಲ್ಕನೆಯ ಪುಟಕ್ಕೆ ಬರೋಣ. ಕಳೆದ ಚಳಿಗಾಲದಲ್ಲಿ ಸಂಘವೊಂದರ ವಾರ್ಷಿಕೋತ್ಸವಕ್ಕೆ ಆಮಂತ್ರಣ ಪತ್ರಿಕೆಯ ವಿನ್ಯಾಸ ಮಾಡಿದವರು ನೀವು. ವೇದಿಕೆಯ ಹಿಂಬದಿಯ ಪರದೆ ಬರೆದವರು, ಮಕ್ಕಳ ರೂಪಕಕ್ಕೆ ಬಣ್ಣ ಹಚ್ಚಿದವರು, ನಾಡಗೀತೆಗೆ ಹಾರ್ಮೋನಿಯಂ ನುಡಿಸಿದವರು, ನಿರೂಪಣೆಯ ಮಾತು ಬರೆದುಕೊಟ್ಟವರು ಕೂಡ ನೀವೇ. ಕೊನೆಗೆ ನಿಮಗೆ ಸಂದದ್ದು ಒಂದು ಶಾಲು, ಒಂದು ಬುಟ್ಟಿ ಹಣ್ಣು, ಒಂದು ಸ್ಮರಣಿಕೆ. ಪೆಂಡಾಲಿನವರಿಗೆ, ಮೈಕ್ ಸೆಟ್ಟಿನವರಿಗೆ, ಜನರೇಟರಿನವರಿಗೆ, ಅಡುಗೆಯವರಿಗೆ ಅದೇ ರಾತ್ರಿ ಹಣ ಎಣಿಸಿಕೊಟ್ಟದ್ದನ್ನು ನೀವೇ ಕಂಡಿದ್ದೀರಿ. ಬಣ್ಣದ ಡಬ್ಬಿಗಳ ಹಣವೂ ನಿಮ್ಮ ಕೈಯಿಂದಲೇ ಹೋಯಿತು. ಇದಾದ ಮೇಲೆ ನಿಮಗೆ ಮೂರು ತಿಂಗಳು ಕಥೆ ಬರೆಯಲಾಗಲಿಲ್ಲ, ಅದಕ್ಕೆ ನೀವು ಕೊಟ್ಟ ಕಾರಣ ‘ನನ್ನ ಗಮನ ಹಂಚಿಹೋಗಿದೆ’ ಎಂದು. ಇಲ್ಲ ತಂಗಿ, ದುಡಿದು ಖಾಲಿ ಕೈಯಲ್ಲಿ ಮನೆಗೆ ಬಂದವರಿಗೆ ಆಗುವುದೇ ನಿಮಗೂ ಆಗಿದೆ. ನೀವು ಬಿಡಬೇಕಾದದ್ದು ಈ ಪುಕ್ಕಟೆ ಕೆಲಸವನ್ನು.

ಸೇವೆ ಬೇಡವೆಂದು ನಾನು ಹೇಳುತ್ತಿಲ್ಲ. ಶರಣಬಸವೇಶ್ವರರ ಜಾತ್ರೆಯಲ್ಲೋ ಬಂದೇ ನವಾಜರ ಉರುಸಿನಲ್ಲೋ ಮನಸ್ಸು ಬಂದು ಮಾಡುವುದು ನಿಮ್ಮ ಇಷ್ಟ. ಆದರೆ ಸೇವೆ ಯಾವುದು ಎಂದು ಗೊತ್ತುಮಾಡಬೇಕಾದವರು ಮಾಡುವವರು, ಮಾಡಿಸಿಕೊಳ್ಳುವವರಲ್ಲ.

ಕಾನೂನಿನ ಒಂದು ವಿಚಾರವನ್ನೂ ತಿಳಿದುಕೊಳ್ಳಿ, ಏಕೆಂದರೆ ನಿಮ್ಮ ಐದು ಕೆಲಸಗಳು ಅದರ ಕಣ್ಣಿಗೆ ಒಂದೇ ಬಗೆಯವಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ನೀವು ಸ್ವಂತವಾಗಿ ಬರೆದ ಕಥೆಯ ಮೊದಲ ಒಡೆಯರು ನೀವೇ, ಪತ್ರಿಕೆಯವರಾದ ನಾವು ಅದನ್ನು ಒಮ್ಮೆ ಅಚ್ಚು ಹಾಕಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಆದರೆ ಒಬ್ಬರು ಹೇಳಿ, ಅದಕ್ಕೆ ಬೆಲೆ ಕೊಟ್ಟು ಬರೆಯಿಸಿದ ವರ್ಣಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಬರೆಯಿಸಿದವರದೇ. ಆದ್ದರಿಂದ ದೊಡ್ಡ ಚಿತ್ರ ಒಪ್ಪಿಕೊಳ್ಳುವಾಗ ಹಕ್ಕು ಯಾರದೆಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಹಕ್ಕು ಕೈಬಿಟ್ಟರೂ ಚಿತ್ರ ಬರೆದವರು ನಾವೆಂದು ಹೇಳಿಕೊಳ್ಳುವ ಅಧಿಕಾರ 57ನೆಯ ಕಲಮಿನಂತೆ ಉಳಿಯುತ್ತದೆ. ಅಂದಹಾಗೆ ಆ ಸಂಘದವರು ನಿಮ್ಮ ಪರದೆಯ ಚಿತ್ರವನ್ನು ಈ ವರ್ಷದ ಆಮಂತ್ರಣಕ್ಕೂ ಬಳಸಿದ್ದಾರೆ ಎಂದಿದ್ದೀರಿ. ಬೆಲೆ ಕೊಟ್ಟಿದ್ದರೆ ಹಕ್ಕು ಅವರದೇ ಆಗುತ್ತಿತ್ತೋ ಏನೋ, ಶಾಲನ್ನು ಬೆಲೆಯೆಂದು ಯಾವ ನ್ಯಾಯಾಲಯ ಒಪ್ಪೀತೆಂದು ನನಗೆ ಕುತೂಹಲವಿದೆ.

ಇನ್ನು ದಿನಚರಿಯ ಮಾತು. ಐದನ್ನೂ ಪ್ರತಿದಿನ ಮಾಡಹೊರಟರೆ ಯಾರಾದರೂ ಸೋಲುತ್ತಾರೆ, ಆದರೆ ನಮ್ಮ ಸೀಮೆಯ ವರ್ಷವೇ ಕೆಲಸವನ್ನು ಹಂಚಿಟ್ಟಿದೆ. ಡಿಸೆಂಬರ್, ಜನವರಿಯಲ್ಲಿ ಶಾಲೆಗಳ ಗ್ಯಾದರಿಂಗ್ ಇರುತ್ತದೆ, ಅದು ಬಣ್ಣ ಹಚ್ಚುವ ಕಾಲ. ಅನಂತರ ಲಗ್ನಸರಾಯಿ, ಪತ್ರಿಕೆಗಳ ಕಾಲ. ಬೇಸಿಗೆಯ ರಜೆಯಲ್ಲಿ ಶಾಲೆಯ ಗೋಡೆ ಬಿಡುವಾಗಿರುತ್ತದೆ, ಆದರೆ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಹತ್ತು ಗಂಟೆಯ ಮೇಲೆ ಕುಂಚದಲ್ಲೇ ಬಣ್ಣ ಒಣಗುವುದರಿಂದ ಬೆಳಗಿನ ಜಾವದಲ್ಲೇ ಕೆಲಸ ಮುಗಿಯಬೇಕು. ಆಷಾಢದಲ್ಲಿ ಲಗ್ನವಿಲ್ಲ, ಕಥೆ ಬರೆಯಿರಿ. ಶ್ರಾವಣದಲ್ಲಿ ಓಣಿಓಣಿಗೆ ಪುರಾಣ, ಭಜನೆ. ಆಗ ಹಾರ್ಮೋನಿಯಂ ಕಲಿಯುವ ಮಕ್ಕಳು ತಾವಾಗಿಯೇ ಬರುತ್ತಾರೆ. ಐದು ಕೆಲಸಕ್ಕೂ ಐದು ದರ ಗೊತ್ತುಮಾಡಿ, ಮುಂಗಡವಿಲ್ಲದೆ ಡಬ್ಬಿಯ ಮುಚ್ಚಳ ತೆಗೆಯಬೇಡಿ, ಒಂದು ವಹಿಯಲ್ಲಿ ಪ್ರತಿಯೊಂದರ ಆದಾಯವನ್ನೂ ಬೇರೆ ಬೇರೆ ಬರೆದಿಡಿ. ಎಂಟು ಪುಟದ ಪತ್ರದಲ್ಲಿ ಕಣ್ಣೀರಿನ ಲೆಕ್ಕವಿದೆ, ಯಾವ ಕೆಲಸದಿಂದ ವರ್ಷಕ್ಕೆ ಎಷ್ಟು ಬಂತೆಂಬ ಲೆಕ್ಕ ಮಾತ್ರ ಎಲ್ಲೂ ಇಲ್ಲ.

ಗಿರಾಕಿಯ ಮುಂದೆ ಐದನ್ನೂ ಒಟ್ಟಿಗೆ ಹರವುವುದೂ ಬೇಡ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಬೇಡಿ ಸಿದ್ಧಪಡಿಸಿದ ಅರ್ಜಿಯಲ್ಲಿ ಸೇತುವೆ, ಫಿರಂಗಿ, ಸುರಂಗ, ಯುದ್ಧರಥ ಇವೇ ತುಂಬಿವೆ. ಚಿತ್ರ ಬರೆಯಬಲ್ಲೆ ಎಂಬ ಮಾತು ಕೊನೆಗೆ ಬರುತ್ತದೆ. ಯುದ್ಧದ ಚಿಂತೆಯಲ್ಲಿದ್ದ ದೊರೆಗೆ ಏನು ಬೇಕೆಂದು ಅವನಿಗೆ ಗೊತ್ತಿತ್ತು. ಹೆಡ್‌ಮಾಸ್ತರರ ಮುಂದೆ ನೀವು ಗೋಡೆಯ ಚಿತ್ರಕಾರರು, ಲಗ್ನದ ಮನೆಯಲ್ಲಿ ವಿನ್ಯಾಸಕಾರರು. ಉಳಿದದ್ದನ್ನು ಅವರಾಗಿ ಕೇಳಿದಾಗ ಹೇಳಿದರಾಯಿತು.

ಇಷ್ಟೆಲ್ಲ ಬುದ್ಧಿ ಹೇಳಿಯೂ ತಪ್ಪೆಲ್ಲ ನಿಮ್ಮದೇ ಎಂಬಂತೆ ಮುಗಿಸಿದರೆ ಅನ್ಯಾಯವಾದೀತು. 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿಯ ವಿಶೇಷ ಸ್ಥಾನ ಬಂತು, ನೌಕರಿಯಲ್ಲಿ, ಶಿಕ್ಷಣದಲ್ಲಿ ಮೀಸಲು ಬಂತು, ಅದಕ್ಕಾಗಿ ಹೋರಾಡಿದ ಹಿರಿಯರಿಗೆ ನಾವು ಋಣಿಗಳು. ಆದರೆ ಅದರ ಜೊತೆಗೇ ಸರ್ಕಾರಿ ನೌಕರಿಯೊಂದೇ ಕೆಲಸ, ಮಿಕ್ಕದ್ದೆಲ್ಲ ಹವ್ಯಾಸ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಎಫ್‌ಡಿಎ ಪರೀಕ್ಷೆಗೆ ಕುಳಿತು ಆರು ವರ್ಷ ಕಳೆದ ಹುಡುಗನನ್ನು ‘ತಯಾರಿ ನಡೆಸಿದ್ದಾನೆ’ ಎನ್ನುತ್ತಾರೆ, ಆರು ವರ್ಷ ಗೋಡೆಗೆ ಚಿತ್ರ ಬರೆದು ಮನೆ ನಡೆಸಿದ ಹುಡುಗಿಯನ್ನು ‘ಖಾಲಿ ಇದ್ದಾಳೆ’ ಎನ್ನುತ್ತಾರೆ. ಸಂಘಟಕರದೂ ಇದೇ ಕಣ್ಣು. 2019ರಲ್ಲಿ ಕಲಬುರಗಿಗೆ ವಿಮಾನ ಬಂದ ಮೇಲೆ ರಾಜಧಾನಿಯ ಕಲಾವಿದರನ್ನು ಕರೆಸುವುದು ಸುಲಭವಾಯಿತು. ಅವರಿಗೆ ಟಿಕೆಟ್ಟು, ಹೋಟೆಲು, ಸಂಭಾವನೆ ಎಲ್ಲವೂ ಮೊದಲೇ ನಿಗದಿಯಾಗಿರುತ್ತದೆ. ಅದೇ ವೇದಿಕೆಗೆ ಪರದೆ ಬರೆದ ಊರಿನವರು ದರ ಕೇಳಿದರೆ ‘ನಮ್ಮವರೇ ಆಗಿ ಹೀಗೆ ಕೇಳಬಹುದೇ’ ಎಂದು ಬೇಸರಪಡುತ್ತಾರೆ. ಈ ಮಾತನ್ನು ನಾನು ಪೆಂಡಾಲಿನವರಿಗೆ ಯಾರೂ ಹೇಳಿದ್ದನ್ನು ಕೇಳಿಲ್ಲ, ಅವರೂ ನಮ್ಮವರೇ.

ನಮ್ಮ ಪತ್ರಿಕೆ ಕೊಡುವ ಸಂಭಾವನೆಯೂ ಹೊಗಳಿಕೊಳ್ಳುವಷ್ಟೇನಿಲ್ಲ, ಆದರೆ ಕೊಡುತ್ತದೆ. ದೀಪಾವಳಿ ಸಂಚಿಕೆಗೆ ನಿಮ್ಮದೊಂದು ಕಥೆಯನ್ನೂ ಅದಕ್ಕೆ ನೀವೇ ಬರೆದ ಎರಡು ರೇಖಾಚಿತ್ರಗಳನ್ನೂ ಕಳಿಸಿ. ಕಥೆ ಸಾಧಾರಣವಾಗಿದ್ದರೆ ಹಿಂದಿರುಗಿಸುತ್ತೇನೆ, ಚಿತ್ರಕ್ಕೂ ಅದೇ ನಿಯಮ. ಕಥೆಗೆ ಒಂದು ಬಿಲ್ಲು, ಚಿತ್ರಕ್ಕೆ ಇನ್ನೊಂದು ಬಿಲ್ಲು ಇರಲಿ. ಒಬ್ಬರೇ ಮಾಡಿದ್ದಕ್ಕೆ ಎರಡು ಬಿಲ್ಲು ಏಕೆಂದು ನಮ್ಮ ಲೆಕ್ಕದವರು ಖಂಡಿತ ಕೇಳುತ್ತಾರೆ, ಅವರಿಗೆ ಉತ್ತರ ಹೇಳುವ ಹೊಣೆ ನನ್ನದು. ಗಣೇಶನ ಹಬ್ಬದೊಳಗೆ ಲಕೋಟೆ ಕಚೇರಿಗೆ ಸೇರಬೇಕು.

— ಸಂಪಾದಕ